ಹಿಮದಡಿಯಲ್ಲಿ ಒಬ್ಬಂಟಿ: ರಿಚರ್ಡ್ ಬರ್ಡ್

ಮಕ್ಕಳೇ, ಅಂಟಾರ್ಕ್ಟಿಕದಲ್ಲಿ ಹಸು ಕಟ್ಟಿ ಹಾಲು ಕರೆದವರಿದ್ದಾರೆ ಎಂದರೆ ನಂಬುತ್ತೀರಾ? 1933ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ರಿಚರ್ಡ್ ಬರ್ಡ್ ಅವರು ಅಲ್ಲಿಗೆ ಎರಡನೆಯ ಸಲ ಹೊರಟಾಗ ವಿಮಾನ, ಟ್ರ್ಯಾಕ್ಟರ್, ನಾಯಿಗಳ ಜೊತೆ ಮೂರು ಹಸುಗಳನ್ನೂ ಹಡಗಿಗೆ ಹತ್ತಿಸಿದ್ದರು. ದಾರಿಯಲ್ಲೇ ಒಂದು ಕರು ಹುಟ್ಟಿತು. ಅದಕ್ಕೆ ಇಟ್ಟ ಹೆಸರು ಐಸ್‌ಬರ್ಗ್! ಅಂಗಡಿಯೇ ಇಲ್ಲದ ಜಾಗವಲ್ಲವೆ? ಆಹಾರ, ಇಂಧನ, ಮೇವು ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು.

ಬರ್ಡ್ ಹುಟ್ಟಿದ್ದು 1888ರಲ್ಲಿ, ವರ್ಜೀನಿಯದಲ್ಲಿ. 1929ರಲ್ಲಿ ಮೂವರು ಸಂಗಡಿಗರೊಂದಿಗೆ ವಿಮಾನದಲ್ಲಿ ದಕ್ಷಿಣ ಧ್ರುವದ ಮೇಲೆ ಹಾರಿ ಹೆಸರಾದರು. ಆದರೆ ಅವರ ನಿಜವಾದ ಪರೀಕ್ಷೆ ನಡೆದದ್ದು 1934ರ ಚಳಿಗಾಲದಲ್ಲಿ.

ಅಂಟಾರ್ಕ್ಟಿಕದಲ್ಲಿ ಕರಾವಳಿಯಿಂದ ದೂರದ ಚಳಿಗಾಲ ಹೇಗಿರುತ್ತದೆ ಎಂದು ಅಲ್ಲೇ ಇದ್ದು ಅಳೆದವರು ಆಗ ಯಾರೂ ಇರಲಿಲ್ಲ. ಅದಕ್ಕಾಗಿ ‘ಲಿಟ್ಲ್ ಅಮೆರಿಕ’ ಎಂಬ ಮುಖ್ಯ ಕೇಂದ್ರದಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ, ಹಿಮದಲ್ಲಿ ಗುಂಡಿ ತೋಡಿ ಒಂದು ಪುಟ್ಟ ಕೋಣೆಯನ್ನು ಇಳಿಸಿದರು. ಮೂವರು ಅಲ್ಲಿರಬೇಕೆಂದು ಯೋಚಿಸಿದ್ದರು. ಅಷ್ಟು ಜನಕ್ಕೆ ಬೇಕಾದ ಸಾಮಾನನ್ನು ಚಳಿಗಾಲಕ್ಕೆ ಮುಂಚೆ ಸಾಗಿಸಲು ಆಗಲಿಲ್ಲ. ಕೊನೆಗೆ ಬರ್ಡ್ ಒಬ್ಬರೇ ಉಳಿದರು. ನಾಯಕನೇ ತಂಡವನ್ನು ಬಿಟ್ಟು ಹೋಗಬಹುದೆ ಎಂದು ಕೇಳಿದವರೂ ಉಂಟು. ಕೇಳಬೇಕಾದ ಪ್ರಶ್ನೆಯೇ.

ಅಲ್ಲಿ ಸುಮಾರು ನಾಲ್ಕು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಉಷ್ಣತೆ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುತ್ತಿತ್ತು. ಬರ್ಡ್ ದಿನವೂ ಛಾವಣಿಯ ಬಾಗಿಲು ತಳ್ಳಿ ಮೇಲೆ ಬಂದು ಉಷ್ಣತೆ, ಗಾಳಿಯ ವೇಗಗಳನ್ನು ಬರೆದುಕೊಳ್ಳುತ್ತಿದ್ದರು. ರೇಡಿಯೊದಲ್ಲಿ ಕಟ್ಟು ಕಡ ಎಂದು ಮೋರ್ಸ್ ಸಂಕೇತದಿಂದ ಸುದ್ದಿ ಕಳಿಸುತ್ತಿದ್ದರು.

ಅಪಾಯ ಬಂದದ್ದು ಚಳಿಯಿಂದಲ್ಲ, ಒಲೆಯಿಂದ! ಗಾಳಿ ಆಡುವ ಕೊಳವೆಗಳಲ್ಲಿ ಮಂಜು ಕಟ್ಟಿಕೊಂಡಿತು. ಸಾಕಷ್ಟು ಆಕ್ಸಿಜನ್ ಸಿಗದೆ ಇಂಧನ ಅರೆಬರೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಕ್ಸಿಜನ್ನನ್ನು ಬಿಟ್ಟು ಇದನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ರೇಡಿಯೊಗೆ ವಿದ್ಯುತ್ ಕೊಡುವ ಎಂಜಿನ್ನಿನ ಹೊಗೆಯೂ ಸೇರಿತು. ಮೇ 31ರಂದು ಬರ್ಡ್ ಕುಸಿದುಬಿದ್ದರು.

ಒಲೆ ಉರಿಸಿದರೆ ವಿಷ, ಆರಿಸಿದರೆ ಚಳಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬರ್ಡ್ ದಿನಕ್ಕೆ ಹಲವು ಗಂಟೆ ಒಲೆ ಆರಿಸಿ ನಡುಗುತ್ತ ಮಲಗಿದರು. ಕಾಯಿಲೆಯ ವಿಷಯ ಮಾತ್ರ ಕೇಂದ್ರಕ್ಕೆ ತಿಳಿಸಲಿಲ್ಲ. ತಿಳಿಸಿದರೆ ಗೆಳೆಯರು ಆ ಕತ್ತಲೆಯಲ್ಲೇ ಹೊರಟು, ಹಿಮದ ಬಿರುಕುಗಳಿಗೆ ಬಿದ್ದಾರೆಂಬ ಭಯ ಅವರಿಗಿತ್ತು.

ಆದರೂ ತಪ್ಪುತಪ್ಪಾದ ಸಂದೇಶಗಳಿಂದ ಕೇಂದ್ರದವರಿಗೆ ಅನುಮಾನ ಬಂತು. ವಿಜ್ಞಾನಿ ಥಾಮಸ್ ಪೌಲ್ಟರ್ ಮತ್ತು ಸಂಗಡಿಗರು ಟ್ರ್ಯಾಕ್ಟರಿನಲ್ಲಿ ಹೊರಟು ಎರಡು ಸಲ ಹಿಂದಿರುಗಬೇಕಾಯಿತು. ಮೂರನೆಯ ಸಲ, ಆಗಸ್ಟ್ ತಿಂಗಳಲ್ಲಿ, ಮೂವರು ಬಂದು ಮುಟ್ಟಿದರು. ಬರ್ಡ್ ಚೇತರಿಸಿಕೊಂಡು ವಿಮಾನ ಹತ್ತುವಷ್ಟರಲ್ಲಿ ಅಕ್ಟೋಬರ್ ಬಂದಿತ್ತು. ಆಮೇಲೂ ಅವರು ಅಂಟಾರ್ಕ್ಟಿಕಕ್ಕೆ ಹೋಗುವುದನ್ನು ಬಿಡಲಿಲ್ಲ. 1957ರಲ್ಲಿ ಬಾಸ್ಟನ್ನಿನಲ್ಲಿ ತೀರಿಕೊಂಡರು.