ಮನ್ರೋ ಕೇಳಿದ ಕಾಲುಭಾಗ

ಸರಕು ಮತ್ತು ಸೇವಾ ತೆರಿಗೆಯ ದರಗಳು 2025ರ ಸೆಪ್ಟೆಂಬರಿನಲ್ಲಿ ಮುಖ್ಯವಾಗಿ ಎರಡು ಹಂತಗಳಿಗೆ ಇಳಿದಾಗ, ತೆರಿಗೆ ಸರಳವಾಯಿತೆಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಸರಳವಾದದ್ದೆಲ್ಲ ನ್ಯಾಯವೂ ಆದೀತೆ ಎಂಬ ಪ್ರಶ್ನೆ ಎದ್ದಾಗ ನನಗೆ ನೆನಪಾಗುವವನು ಸರ್ ಥಾಮಸ್ ಮನ್ರೋ. ನಮ್ಮಲ್ಲಿ ಹಲವರು ಅವನನ್ನು ಬಲ್ಲದ್ದು ಮಂತ್ರಾಲಯದ ಐತಿಹ್ಯದಿಂದ. ಆ ಕಥೆಯೂ ಮಠದ ಇನಾಮು ಜಮೀನಿನದೇ.

1761ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಮನ್ರೋ 1780ರಲ್ಲಿ ಕಂಪನಿಯ ಸೇನೆ ಸೇರಿ ಮದ್ರಾಸಿಗೆ ಬಂದ. ಹೈದರ್ ಮತ್ತು ಟಿಪ್ಪುವಿನ ವಿರುದ್ಧ ಕಾದಾಡಿದ. 1792ರಲ್ಲಿ ಟಿಪ್ಪು ಬಿಟ್ಟುಕೊಟ್ಟ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್‌ನ ಕೈಕೆಳಗೆ ಕಂದಾಯದ ಕೆಲಸ ಕಲಿತ. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಜಮೀನ್ದಾರರಿಗೆ ಕಂದಾಯವನ್ನು ಶಾಶ್ವತವಾಗಿ ಗೊತ್ತುಪಡಿಸಿದರೆ, ಇಲ್ಲಿ ಇವರಿಬ್ಬರೂ ನಡುವಣವರನ್ನೇ ಬಿಟ್ಟು ರೈತನೊಡನೆ ನೇರವಾಗಿ ಲೆಕ್ಕ ಮಾಡಿಕೊಂಡರು. ರೈತವಾರಿ ಪದ್ಧತಿ ಬೆಳೆದದ್ದು ಹೀಗೆ. 1799ರಲ್ಲಿ ಕೆನರಾಕ್ಕೆ ಹೋದಾಗ ಅಲ್ಲಿಯ ಹಳೆಯ ಲೆಕ್ಕಪತ್ರಗಳನ್ನು ಶೋಧಿಸಿ, ಭೂಮಿಯ ಮೇಲೆ ರೈತನ ಸ್ವಂತ ಹಕ್ಕು ಈ ನಾಡಿಗೆ ಹೊಸದಲ್ಲವೆಂದು ಕಂಡುಕೊಂಡ.

ಅವನ ನಿಜವಾದ ಪರೀಕ್ಷೆ ನಡೆದದ್ದು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ, ಕಡಪ ಸೀಮೆಗಳಲ್ಲಿ. ಏಳು ವರ್ಷ ಊರೂರು ಸುತ್ತಿ, ಡೇರೆಯಲ್ಲೇ ಹೆಚ್ಚು ಕಾಲ ಕಳೆದು, ಹೊಲಹೊಲವನ್ನು ಅಳೆಯಿಸಿ ದರ ಕಟ್ಟಿಸಿದ. ಲೆಕ್ಕವೇನೋ ಸರಳವಾಯಿತು. ಆದರೆ ದರ ಬೆಳೆಯ ಮೂರನೆಯ ಒಂದು ಭಾಗವನ್ನು ಬಹಳ ಮೀರಿತ್ತು. ಒಬ್ಬ ರೈತ ಕಟ್ಟಲಾರದೆ ಹೋದರೆ ನೆರೆಯವರ ಮೇಲೆ ಶೇ 10ರವರೆಗೆ ಹೆಚ್ಚುವರಿ ಬೀಳುತ್ತಿತ್ತು. ಈ ಭಾರದಲ್ಲೇ ಏಳು ವರ್ಷ ವಸೂಲಿ ನಡೆಸಿದವನೂ ಮನ್ರೋನೇ. ಅವನ ಅಭಿಮಾನಿಗಳು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಆದರೂ ಅವನು ನನಗೆ ದೊಡ್ಡವನಾಗಿ ಕಾಣುವುದು 1807ರ ಅವನ ಶಿಫಾರಸಿನಿಂದ. ಎಲ್ಲ ಜಮೀನಿನ ಕಂದಾಯವನ್ನೂ ಶೇ 25ರಷ್ಟು, ಬಾವಿ–ಕೆರೆ ನೀರಾವರಿಯ ಜಮೀನಿಗೆ ಇನ್ನೂ ಹೆಚ್ಚು, ಇಳಿಸಬೇಕು. ಬೇಡವಾದ ಹೊಲವನ್ನು ಬಿಡುವ, ಬೇಕಾದದ್ದನ್ನು ಹಿಡಿಯುವ ಸ್ವಾತಂತ್ರ್ಯ ರೈತನಿಗಿರಬೇಕು ಎಂಬುದು ಅದರ ತಿರುಳು. ಕೈಯಲ್ಲಿ ಏನಾದರೂ ಉಳಿದರೆ ತಾನೆ ರೈತ ಭೂಮಿಯನ್ನು ತನ್ನದೆಂದುಕೊಳ್ಳುವುದು? ಖಜಾನೆಯ ಚಿಂತೆಯಲ್ಲಿದ್ದ ಮದ್ರಾಸ್ ಸರ್ಕಾರ ಒಪ್ಪಲಿಲ್ಲ. ಅವನು ರಜೆಯ ಮೇಲೆ ಬ್ರಿಟನ್ನಿಗೆ ಹೊರಟ ಮೇಲೆ ರೈತವಾರಿಯನ್ನೇ ಕೈಬಿಟ್ಟು, ಹಳ್ಳಿಗಳನ್ನು ಇಡಿಯಾಗಿ ಮೊದಲು ಮೂರು, ಬಳಿಕ ಹತ್ತು ವರ್ಷಗಳ ಗುತ್ತಿಗೆಗೆ ಕೊಟ್ಟಿತು. ಗುತ್ತಿಗೆದಾರರಲ್ಲಿ ಬಹಳ ಮಂದಿ ಮುಳುಗಿಹೋದರು.

1820ರಲ್ಲಿ ಮನ್ರೋ ಮದ್ರಾಸಿನ ಗವರ್ನರನಾಗಿ ಬಂದ. ತಾನು 13 ವರ್ಷಗಳ ಹಿಂದೆ ಕೇಳಿದ್ದ ಇಳಿಕೆಯನ್ನು ಆ ಸೀಮೆಗೆ ಕೊಡಿಸಿ, ರೈತವಾರಿಯನ್ನು ಮರಳಿ ತಂದ. ಆದರೆ ಪ್ರಾಂತದ ಬೇರೆಡೆಗಳಲ್ಲಿ ಪದ್ಧತಿ ಹೋದಷ್ಟು ಬೇಗ ಇಳಿಕೆ ಹೋಗಲಿಲ್ಲ. 1827ರಲ್ಲಿ, ಊರಿಗೆ ಮರಳುವ ಮುನ್ನ ಆ ಸೀಮೆಯನ್ನು ಕೊನೆಯ ಬಾರಿ ನೋಡಲು ಹೊರಟ ಮನ್ರೋ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡ. ಇಡೀ ಪ್ರಾಂತದ ಭೂಮಿಯನ್ನು ಮತ್ತೆ ಅಳೆದು ದರ ಗೊತ್ತುಪಡಿಸುವ ಕೆಲಸಕ್ಕೆ ಮದ್ರಾಸ್ ಸರ್ಕಾರ ಕೈಹಾಕಿದ್ದು 1850ರ ದಶಕದಲ್ಲಿ.