ಫ್ಲಾರೆನ್ಸ್ ನೈಟಿಂಗೇಲ್ ಅಮ್ಮನವರ ಚರಿತ್ರೆ

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರಗಳ ಕಡೆಯಿಂದ ಮೈಸೂರಿಗೆ ಹೋಗುವ ನಮ್ಮ ವಾಚಕರಲ್ಲಿ ಕೆಲವರು ಶ್ರೀರಂಗಪಟ್ಟಣದ ಕಾವೇರೀ ತೀರದಲ್ಲಿರುವ ಇಂಗ್ಲಿಷ್ ದಂಡಿನವರ ಸ್ಮಶಾನವನ್ನು ಕಂಡಿರಬಹುದು. 1799ರ ಯುದ್ಧವಾದ ಮೇಲೆ ಅಲ್ಲಿ ನೆಲೆಸಿದ ದಂಡನ್ನು ಜ್ವರವು ಬಹಳವಾಗಿ ಕಾಡಿದ್ದರಿಂದ 1809ರಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ಸೈನಿಕನಿಗೆ ಶತ್ರುವಿಗಿಂತ ರೋಗವೇ ಹೆಚ್ಚು ಘಾತಕವೆಂಬುದನ್ನು ಮುಂದೆ ಲೆಕ್ಕಮಾಡಿ ತೋರಿಸಿದವರು ಒಬ್ಬ ಸ್ತ್ರೀ. ಅವರ ಕೈದೀಪವನ್ನು ಎಲ್ಲರೂ ಬಲ್ಲರು; ನಾವು ಅವರ ಲೆಕ್ಕದ ವಿಷಯವಾಗಿ ಬರೆಯುತ್ತೇವೆ.

ಅಮ್ಮನವರು 1820ನೇ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಐಶ್ವರ್ಯವಂತರಾದ ಇಂಗ್ಲಿಷ್ ತಂದೆತಾಯಿಗಳಿಗೆ ಹುಟ್ಟಿದರು. ಹದಿನಾರನೆಯ ವಯಸ್ಸಿನಲ್ಲಿಯೇ ದೇವರ ಕರೆಯನ್ನು ಕೇಳಿದರೂ, ದಾದಿಯ ಕೆಲಸವು ಹೀನವೆಂದು ಮನೆಯವರು ಬಹುಕಾಲ ತಡೆದರು. 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಎಂಬಲ್ಲಿ ಪಾದ್ರಿ ಫ್ಲೀಡ್ನರರವರ ಸಂಸ್ಥೆಯಲ್ಲಿ ರೋಗಿಗಳ ಸೇವೆಯನ್ನು ಕಲಿತರು.

ಕ್ರಿಮಿಯಾ ಯುದ್ಧದಲ್ಲಿ, 1854ರ ನವೆಂಬರಿನಲ್ಲಿ, 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಬಂದರು. ಹಗಲಿರುಳು ದುಡಿದರೂ ಸಾವು ಹೆಚ್ಚುತ್ತಲೇ ಹೋಯಿತು. 1855ರ ಫೆಬ್ರವರಿಯಲ್ಲಿ ರೋಗಿಗಳು ನೂರಕ್ಕೆ 42ರಂತೆ ಸತ್ತರು. ಮಾರ್ಚಿನಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯಾಧಿಕಾರಿಗಳು ಕಟ್ಟಡದ ಮೋರಿಗಳನ್ನು ತೊಳೆಯಿಸಿ, ಗಾಳಿ ಬರಲು ದಾರಿಮಾಡಿಸಿದರು; ಜೂನ್ ವೇಳೆಗೆ ಆ ಸಂಖ್ಯೆಯು ನೂರಕ್ಕೆ ಎರಡರಷ್ಟಾಯಿತು.

ಹಸಿವು, ಚಳಿ, ಬಳಲಿಕೆಗಳಿಂದ ಕುಗ್ಗಿ ಬಂದವರು ಸತ್ತರೆಂದೇ ಅಮ್ಮನವರು ನಂಬಿದ್ದರು. 1856ರಲ್ಲಿ ಇಂಗ್ಲೆಂಡಿಗೆ ಹಿಂದಿರುಗಿದ ಬಳಿಕ, ಜನನಮರಣಗಳ ಲೆಕ್ಕದಲ್ಲಿ ನಿಪುಣರಾದ ವಿಲಿಯಂ ಫಾರ್ ಎಂಬವರೊಡನೆ ಅಂಕಿಗಳನ್ನು ಪರೀಕ್ಷಿಸಿದಾಗ ಬೇರೆ ಸಂಗತಿ ಹೊರಬಿತ್ತು. ಯುದ್ಧಭೂಮಿಯ ಬಳಿಯ ಆಸ್ಪತ್ರೆಗಳಿಗಿಂತ ತಮ್ಮ ಆಸ್ಪತ್ರೆಯಲ್ಲಿಯೇ ಸಾವು ಹೆಚ್ಚಾಗಿತ್ತು! ಜನಸಂದಣಿಯೂ ಮೋರಿಗಳೂ ಅದಕ್ಕೆ ಕಾರಣ. ದೇಶವೆಲ್ಲಾ ಅವರನ್ನು ಕೊಂಡಾಡುತ್ತಿದ್ದ ಕಾಲವದು. ಸುಮ್ಮನಿದ್ದರೆ ಕೇಳುವವರಾರೂ ಇರಲಿಲ್ಲ. ಅವರಾದರೋ ತಿಂಗಳು ತಿಂಗಳ ಸಾವನ್ನು ಬಣ್ಣದ ಚಿತ್ರಗಳಾಗಿ ಬರೆಯಿಸಿ 1858ರಲ್ಲಿ ಅಚ್ಚುಹಾಕಿಸಿದರು. ಇಂಗ್ಲೆಂಡಿನಲ್ಲಿ ಯುದ್ಧವಿಲ್ಲದಾಗಲೂ ಸೈನಿಕರು ಸಾವಿರಕ್ಕೆ 17ರಿಂದ 20ರಂತೆ ಸಾಯುವರು, ಊರಿನವರು 11ರಂತೆ; ದಂಡಿನ ಮನೆಗಳನ್ನು ಸರಿಪಡಿಸದಿದ್ದರೆ ಪ್ರತಿವರ್ಷವೂ ಸಾವಿರಕ್ಕೂ ಮಿಕ್ಕಿ ವ್ಯರ್ಥಮರಣಗಳಾಗುವುವೆಂದು ಎಚ್ಚರಿಸಿದರು.

ಬಂದವರೆಷ್ಟು, ಗುಣಹೊಂದಿದವರೆಷ್ಟು, ಯಾವ ರೋಗದಿಂದ ಸತ್ತವರೆಷ್ಟು ಎಂಬುದನ್ನು ಎಲ್ಲಾ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಬರೆದಿಡಬೇಕೆಂದು 1860ರಲ್ಲಿ ಸೂಚಿಸಿದರು. ರೋಗಿಯ ವಯಸ್ಸನ್ನೂ ಸ್ಥಿತಿಯನ್ನೂ ನೋಡದೆ ಆಸ್ಪತ್ರೆಗಳನ್ನು ಹೋಲಿಸಬಾರದೆಂದೂ ತಿಳಿಸಿದರು. ಪ್ರಾಣವು ಗಂಟಲಿಗೆ ಬಂದ ಮೇಲೆ ರೋಗಿಯನ್ನು ಕರೆದೊಯ್ದು, ಆಸ್ಪತ್ರೆಯವರೇ ಕೊಂದರೆನ್ನುವ ನಮ್ಮವರು ಈ ಮಾತನ್ನು ಯೋಚಿಸಬೇಕು.

ಅವರು ಹಿಂದೂದೇಶಕ್ಕೆ ಬರಲೇ ಇಲ್ಲ. ರೋಗಪೀಡಿತರಾಗಿದ್ದರೂ ಇಲ್ಲಿನ ದಂಡುಗಳ ವರದಿಗಳನ್ನು ತರಿಸಿ ಓದಿ, ಇಂಗ್ಲಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುವುದನ್ನು 1863ರಲ್ಲಿ ಎತ್ತಿ ತೋರಿಸಿದರು. ನೀರು, ಮೋರಿ, ವಸತಿಗಳು ಸುಧಾರಿಸುತ್ತಾ ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತು. ಆಮೇಲೆ ನಮ್ಮ ರೈತರ ಕ್ಷಾಮ, ನೀರಾವರಿಗಳ ಕಡೆಗೂ ಗಮನವಿಟ್ಟರು.

1910ನೇ ಇಸವಿ ಆಗಸ್ಟ್ 13ರಂದು ತೀರಿಕೊಂಡರು. ಅರಸರು ಮಲಗುವ ದೇವಾಲಯದಲ್ಲಿ ಸ್ಥಳ ಕೊಡುವೆವೆಂದರೂ ಬಂಧುಗಳು ಒಪ್ಪದೆ, ಹಳ್ಳಿಯ ದೇವಾಲಯದ ಅಂಗಳದಲ್ಲಿ ಹೂಣಿದರು. ಕಲ್ಲಿನ ಮೇಲೆ ಹೆಸರಿನ ಎರಡು ಅಕ್ಷರಗಳೂ ಹುಟ್ಟುಸಾವುಗಳ ಕಾಲವೂ ಮಾತ್ರ ಇವೆ.