ಸರ್ ಮಿರ್ಜಾ ಇಸ್ಮಾಯಿಲ್: ಕುಟುಂಬ ಯೋಜನೆಯ ಹಾದಿಯಲ್ಲಿ ಒಂದು ನೆನಪು

ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಇವರ ತಾತ ಅಲಿ ಅಸ್ಕರ್ ಅವರು ಪರ್ಷಿಯಾದಿಂದ ಬಂದು ಕುದುರೆ ವ್ಯಾಪಾರ ನಡೆಸಿ ಇಲ್ಲಿಯೇ ನೆಲೆಸಿದವರು. ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸಹಪಾಠಿಯಾಗಿ ವ್ಯಾಸಂಗ ಮಾಡಿ, 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಪದವಿ ಪಡೆದು ಸಂಸ್ಥಾನದ ಸೇವೆಗೆ ಸೇರಿದರು. 1926ರಿಂದ 1941ರವರೆಗೆ ದಿವಾನರಾಗಿದ್ದರು.

ಮಂಡ್ಯದ ಸಕ್ಕರೆ ಕಾರ್ಖಾನೆ, ಬೃಂದಾವನ ಉದ್ಯಾನ ಮುಂತಾದವುಗಳಿಂದ ಇವರ ಹೆಸರು ಇಂದಿಗೂ ಜನಜನಿತವಾಗಿದೆ. ಆದರೆ ಇವರ ಅವಧಿಯ ಇನ್ನೊಂದು ಮಹತ್ವದ ತೀರ್ಮಾನವು ಅಷ್ಟಾಗಿ ಪ್ರಚಾರ ಪಡೆದಿಲ್ಲ. 1930ರಲ್ಲಿ ಮೈಸೂರು ಸರ್ಕಾರವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೊಂದು ಇಂತಹ ಕೇಂದ್ರಗಳನ್ನು ತೆರೆದದ್ದು ಜಗತ್ತಿನಲ್ಲಿಯೇ ಮೊದಲು ಎಂದು ಇದನ್ನು ಪರಿಗಣಿಸಲಾಗಿದೆ. ಭಾರತ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾದದ್ದು 22 ವರ್ಷಗಳ ನಂತರ, 1952ರಲ್ಲಿ.

ಆ ಕಾಲದಲ್ಲಿ ಇದು ಸುಲಭದ ತೀರ್ಮಾನವಾಗಿರಲಿಲ್ಲ. ಸಂತಾನದ ವಿಷಯವನ್ನು ಬಹಿರಂಗವಾಗಿ ಮಾತನಾಡಲು ಸಂಕೋಚವಿತ್ತು. 1927ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು, ಸಂಸ್ಥಾನದ ಆತಿಥ್ಯ ಸ್ವೀಕರಿಸಿದ್ದ ಮಹಾತ್ಮ ಗಾಂಧೀಜಿಯವರು ಸಹ ಕೃತಕ ವಿಧಾನಗಳನ್ನು ಒಪ್ಪದೆ ಸಂಯಮವನ್ನೇ ಪ್ರತಿಪಾದಿಸುತ್ತಿದ್ದರು. ಹೀಗಿದ್ದರೂ ಸರ್ಕಾರವು ಸಲಹೆ ನೀಡುವ ಹೊಣೆ ಹೊತ್ತು, ಅದನ್ನು ಪಡೆಯುವ ಆಯ್ಕೆಯನ್ನು ಜನರಿಗೇ ಬಿಟ್ಟಿತು.

ಆಗ ಬೆಂಗಳೂರಿನ ದಕ್ಷಿಣಕ್ಕೆ ಕೆರೆಯಂಚಿನ ಹಳ್ಳಿಯಾಗಿದ್ದ ಯಡಿಯೂರು, ಇಂದು ಜಯನಗರ ಹಾಗೂ ಬನಶಂಕರಿಗಳ ನಡುವೆ ನಗರದ ಭಾಗವಾಗಿದೆ. ಊರು ಬೆಳೆದಷ್ಟು ವೇಗವಾಗಿ ಪುರುಷರ ಮನೋಭಾವ ಬದಲಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ದಂಪತಿಗಳಲ್ಲಿ ಶೇ. 57.4ರಷ್ಟು ಮಂದಿ ಮಹಿಳೆಯ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರೆ, ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೇ. 0.0 ಎಂದು ದಾಖಲಾಗಿದೆ. ಶಕ್ತಿ ಕುಂದುತ್ತದೆ ಎಂಬ ತಪ್ಪು ಕಲ್ಪನೆ ಹಾಗೂ 1975–77ರ ತುರ್ತುಪರಿಸ್ಥಿತಿಯಲ್ಲಿ ನಡೆದ ಬಲವಂತದ ಕಹಿ ನೆನಪು ಇದಕ್ಕೆ ಕಾರಣಗಳಲ್ಲಿ ಸೇರಿವೆ.

ವಾಸ್ತವವಾಗಿ ನೋ-ಸ್ಕಾಲ್ಪೆಲ್ ವ್ಯಾಸೆಕ್ಟಮಿ ವಿಧಾನವು ಮಹಿಳೆಯರ ಶಸ್ತ್ರಚಿಕಿತ್ಸೆಗಿಂತ ಸರಳವಾದದ್ದು. ಇದಕ್ಕೆ ಹೊಲಿಗೆಯ ಅಗತ್ಯವಿಲ್ಲ. ಅದೇ ದಿನ ಮನೆಗೆ ಮರಳಬಹುದು. ಪುರುಷತ್ವಕ್ಕೆ ಯಾವುದೇ ಕುಂದುಂಟಾಗುವುದಿಲ್ಲ. ಆದರೆ ಮೂರು ತಿಂಗಳ ನಂತರ ವೀರ್ಯ ಪರೀಕ್ಷೆಯಿಂದ ಖಚಿತವಾಗುವವರೆಗೆ ಬೇರೆ ವಿಧಾನ ಅನುಸರಿಸಬೇಕು. ಇದು ಶಾಶ್ವತ ವಿಧಾನವಾದ್ದರಿಂದ ದಂಪತಿಗಳು ಕೂಡಿ ಆಲೋಚಿಸಿ, ವೈದ್ಯರ ಸಲಹೆ ಪಡೆದು, ಸ್ವ-ಇಚ್ಛೆಯಿಂದ ನಿರ್ಧರಿಸತಕ್ಕದ್ದು.

ದಿವಾನಗಿರಿಯ ನಂತರ ಜಯಪುರ ಮತ್ತು ಹೈದರಾಬಾದ್ ಸಂಸ್ಥಾನಗಳಲ್ಲಿಯೂ ಸೇವೆ ಸಲ್ಲಿಸಿದ ಮಿರ್ಜಾ ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಕಾಲದ ಸರ್ಕಾರವು ಆಸ್ಪತ್ರೆಯ ಬಾಗಿಲನ್ನು ತೆರೆದಿಟ್ಟಿತು. ಆ ಬಾಗಿಲಿಗೆ ಪತ್ನಿಯನ್ನು ಮಾತ್ರ ಕಳುಹಿಸದೆ, ತಾನೂ ಜೊತೆಯಲ್ಲಿ ಹೋಗುವುದು ಪ್ರತಿಯೊಬ್ಬ ಪತಿಯ ಕರ್ತವ್ಯವಾಗಿದೆ.